ವಿಕಲಚೇತನರ ಮಾಸಾಶನ: ಅರ್ಜಿ ಸಲ್ಲಿಸುವ ಕ್ರಮ ಮತ್ತು ಅರ್ಜಿ ತಿರಸ್ಕೃತವಾದಲ್ಲಿ ಮೇಲ್ಮನವಿ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಕಂದಾಯ ಇಲಾಖೆಯ ಅಧೀನದಲ್ಲಿರುವ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ಮೂಲಕ ರಾಜ್ಯದ ಅರ್ಹ ವಿಕಲಚೇತನರಿಗೆ ಪ್ರತಿ ತಿಂಗಳು ಮಾಸಾಶನ ನೀಡಲಾಗುತ್ತಿದೆ. ಇಂತಹ ಯೋಜನೆಯೊಂದು ಇದೆ ಎಂಬುದು ಬಹುತೇಕ ಎಲ್ಲ ಗ್ರಾಮಗಳಲ್ಲಿಯೂ ತಿಳಿದಿರುವ ವಿಷಯ. ಆದರೆ ಅರ್ಜಿ ತಿರಸ್ಕೃತವಾದಲ್ಲಿ ಮುಂದೇನು ಮಾಡಬೇಕೆಂಬುದು ಎಲ್ಲರಿಗೂ ತಿಳಿದಿರುವುದಿಲ್ಲ. "ನಿಮಗೆ ಬರುವುದಿಲ್ಲ" ಎಂದು ಕಚೇರಿಯ ಕಿಟಕಿಯ ಬಳಿ ಕೇಳಿಬಂದ ಮಾತನ್ನೇ ಅಂತಿಮ ಆದೇಶವೆಂದು ಭಾವಿಸಿ ಹಿಂದಿರುಗುವವರಿದ್ದಾರೆ. ಅದು ಆದೇಶವಲ್ಲ. ಕಾರಣ ಸಹಿತವಾಗಿ ಲಿಖಿತದಲ್ಲಿ ನೀಡಿದ್ದು ಮಾತ್ರ ಆದೇಶ; ಅಂತಹ ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ.

ಅರ್ಜಿ ಸಲ್ಲಿಸುವ ಕ್ರಮ, ಅರ್ಜಿ ತಿರಸ್ಕೃತವಾಗುವ ಸಾಮಾನ್ಯ ಕಾರಣಗಳು ಹಾಗೂ ಪ್ರತಿಯೊಂದು ಕಾರಣಕ್ಕೂ ಇರುವ ಪರಿಹಾರ ಮಾರ್ಗವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಅರ್ಜಿದಾರರು ಹಾಗೂ ಅವರ ಪರವಾಗಿ ಓಡಾಡುವ ಕುಟುಂಬದವರು ಇದನ್ನು ಪೂರ್ಣವಾಗಿ ಓದಿಕೊಳ್ಳಬೇಕೆಂದು ಕೋರಲಾಗಿದೆ.

1. ಮೊದಲು ತಿಳಿಯಬೇಕಾದದ್ದು: ತೀರ್ಮಾನಗಳು ಎರಡು

ಮಾಸಾಶನ ಮಂಜೂರಾಗುವ ಮೊದಲು ಎರಡು ಪ್ರತ್ಯೇಕ ಪ್ರಾಧಿಕಾರಗಳು ಎರಡು ಪ್ರತ್ಯೇಕ ತೀರ್ಮಾನಗಳನ್ನು ಕೈಗೊಳ್ಳುತ್ತವೆ.

ಮೊದಲನೆಯದು ವೈದ್ಯಕೀಯ ತೀರ್ಮಾನ. ಅರ್ಜಿದಾರರಿಗೆ ಅಂಗವೈಕಲ್ಯ ಇದೆಯೇ, ಇದ್ದರೆ ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಸರ್ಕಾರದಿಂದ ಅಧಿಸೂಚಿತವಾದ ವೈದ್ಯಕೀಯ ಪ್ರಾಧಿಕಾರವು ನಿರ್ಧರಿಸಿ ಪ್ರಮಾಣಪತ್ರ ನೀಡುತ್ತದೆ.

ಎರಡನೆಯದು ಕಂದಾಯ ಇಲಾಖೆಯ ತೀರ್ಮಾನ. ಅರ್ಜಿದಾರರ ವಾಸಸ್ಥಳ, ಕುಟುಂಬದ ವಾರ್ಷಿಕ ಆದಾಯ, ಬೇರೆ ಪಿಂಚಣಿ ಪಡೆಯುತ್ತಿದ್ದಾರೆಯೇ ಎಂಬಿತ್ಯಾದಿ ಅಂಶಗಳನ್ನು ಪರಿಶೀಲಿಸಿ ಮಾಸಾಶನವನ್ನು ಮಂಜೂರು ಮಾಡುವ ಅಥವಾ ತಿರಸ್ಕರಿಸುವ ಅಧಿಕಾರ ಕಂದಾಯ ಅಧಿಕಾರಿಗಳದ್ದು.

ಈ ವ್ಯತ್ಯಾಸ ತಿಳಿಯದೆ ಸಲ್ಲಿಸಿದ ಮೇಲ್ಮನವಿಗಳು ವ್ಯರ್ಥವಾಗುತ್ತವೆ. ಪ್ರಮಾಣಪತ್ರದಲ್ಲಿನ ಶೇಕಡಾವಾರು ಕಡಿಮೆಯಾಯಿತೆಂದು ತಹಶೀಲ್ದಾರರಿಗೆ ಮನವಿ ಸಲ್ಲಿಸಿದರೆ ಅವರು ಅದನ್ನು ಬದಲಾಯಿಸಲಾರರು. ಆದಾಯ ಹೆಚ್ಚೆಂದು ಅರ್ಜಿ ತಿರಸ್ಕೃತವಾದಾಗ ಆಸ್ಪತ್ರೆಗೆ ಪುನಃ ಹೋಗಿ ಪ್ರಯೋಜನವಿಲ್ಲ. ಯಾವ ಕಾರಣಕ್ಕಾಗಿ ಅರ್ಜಿ ತಿರಸ್ಕೃತವಾಯಿತೋ ಆ ಕಾರಣವನ್ನು ದಾಖಲಿಸಿದ ಪ್ರಾಧಿಕಾರದ ಮೇಲಿನ ಪ್ರಾಧಿಕಾರಕ್ಕೇ ಮೇಲ್ಮನವಿ ಸಲ್ಲಿಸತಕ್ಕದ್ದು.

2. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದೆ. 1995ರ ಹಿಂದಿನ ಅಧಿನಿಯಮದಲ್ಲಿ 7 ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಲಾಗಿತ್ತು. 2016ರ ಅಧಿನಿಯಮದಲ್ಲಿ 21 ಬಗೆಗಳನ್ನು ಸೇರಿಸಲಾಗಿದೆ. ದೃಷ್ಟಿದೋಷ, ಶ್ರವಣದೋಷ, ಚಲನವಲನ ವೈಕಲ್ಯಗಳ ಜೊತೆಗೆ ಮಾನಸಿಕ ಅಸ್ವಸ್ಥತೆ, ಬುದ್ಧಿಮಾಂದ್ಯತೆ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ ಕಾಯಿಲೆ, ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ, ಕುಬ್ಜತೆ, ಆಸಿಡ್ ದಾಳಿಯಿಂದ ಉಂಟಾದ ವೈಕಲ್ಯ ಮೊದಲಾದವು ಈ ಪಟ್ಟಿಯಲ್ಲಿವೆ. ಆದ್ದರಿಂದ ಹಿಂದೆ "ಇದು ಅಂಗವೈಕಲ್ಯವಲ್ಲ" ಎಂಬ ಉತ್ತರ ಪಡೆದವರು ಹೊಸ ಪಟ್ಟಿಯ ಪ್ರಕಾರ ಪುನಃ ಅರ್ಜಿ ಸಲ್ಲಿಸಬಹುದು.

ಪ್ರಮಾಣಪತ್ರಕ್ಕಾಗಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಆಧಾರ್, ವಾಸಸ್ಥಳದ ದಾಖಲೆ ಮತ್ತು ಇತ್ತೀಚಿನ ಭಾವಚಿತ್ರ ಅಗತ್ಯ. ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರದ ಮುಂದೆ ಅಥವಾ ಅಂಗವೈಕಲ್ಯಕ್ಕೆ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರದ ಮುಂದೆ ತಪಾಸಣೆಗೆ ಹಾಜರಾಗಬಹುದು. ಅರ್ಜಿದಾರರು ಅಪ್ರಾಪ್ತರಾಗಿದ್ದಲ್ಲಿ ಅಥವಾ ಸ್ವತಃ ಅರ್ಜಿ ಸಲ್ಲಿಸಲು ಅಶಕ್ತರಾಗಿದ್ದಲ್ಲಿ ಪೋಷಕರು ಸಲ್ಲಿಸಬಹುದು.

2017ರ ನಿಯಮಗಳಲ್ಲಿ ಪ್ರಮಾಣಪತ್ರ ನೀಡಲು ಒಂದು ತಿಂಗಳ ಕಾಲಮಿತಿ ಇದ್ದಿತು. 2024ರ ತಿದ್ದುಪಡಿಯಲ್ಲಿ ಇದನ್ನು ಮೂರು ತಿಂಗಳಿಗೆ ಹೆಚ್ಚಿಸಲಾಗಿದೆ. ಅದೇ ತಿದ್ದುಪಡಿಯಂತೆ ವಿಶಿಷ್ಟ ಗುರುತಿನ ಚೀಟಿಯನ್ನು ಮೂರು ಬಣ್ಣಗಳಲ್ಲಿ ನೀಡಲಾಗುತ್ತದೆ: ಶೇ. 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ, ಶೇ. 40 ಮತ್ತು ಮೇಲ್ಪಟ್ಟು ಶೇ. 80ಕ್ಕಿಂತ ಕಡಿಮೆ ಇದ್ದವರಿಗೆ ಹಳದಿ, ಶೇ. 80 ಮತ್ತು ಮೇಲ್ಪಟ್ಟವರಿಗೆ ನೀಲಿ.

ಒಂದು ಜಿಲ್ಲೆಯಲ್ಲಿ ಪಡೆದ ಪ್ರಮಾಣಪತ್ರವು ದೇಶದಾದ್ಯಂತ ಸಿಂಧುವಾಗಿರುತ್ತದೆ. ಪ್ರಮಾಣಪತ್ರ ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಪಡೆದ ದಿನವೇ ನೋಡಿಕೊಳ್ಳತಕ್ಕದ್ದು. ತಾತ್ಕಾಲಿಕವಾಗಿದ್ದಲ್ಲಿ ಅದರಲ್ಲಿ ನಮೂದಿಸಿದ ಅವಧಿ ಮುಗಿಯುವ ಮುನ್ನವೇ ಮರುತಪಾಸಣೆಗೆ ಅರ್ಜಿ ಹಾಕುವುದು ಒಳಿತು.

3. ಶೇಕಡಾವಾರು ಪ್ರಮಾಣದ ಮಹತ್ವ

ರಾಜ್ಯದ ಮಾಸಾಶನಕ್ಕೆ ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯ ಇರತಕ್ಕದ್ದು. 2021ರಲ್ಲಿ ಸರ್ಕಾರವು ಕೆಳಹಂತದ ಮಾಸಾಶನವನ್ನು ರೂ. 600ರಿಂದ ರೂ. 800ಕ್ಕೆ ಪರಿಷ್ಕರಿಸಿತು. ಆ ದರಗಳ ಪ್ರಕಾರ ಶೇ. 75ಕ್ಕಿಂತ ಕಡಿಮೆ ಇದ್ದವರಿಗೆ ತಿಂಗಳಿಗೆ ರೂ. 800 ಹಾಗೂ ಶೇ. 75 ಮತ್ತು ಮೇಲ್ಪಟ್ಟವರಿಗೆ ರೂ. 1,400. ಅಂದರೆ ಶೇ. 74 ಮತ್ತು ಶೇ. 75ರ ನಡುವಿನ ಒಂದಂಶದ ವ್ಯತ್ಯಾಸವು ತಿಂಗಳಿಗೆ ರೂ. 600, ವರ್ಷಕ್ಕೆ ರೂ. 7,200 ಆಗುತ್ತದೆ. ಔಷಧಿಯ ವೆಚ್ಚಕ್ಕೆ ಪರದಾಡುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಪ್ರಮಾಣಪತ್ರದಲ್ಲಿನ ಅಂಕಿಯನ್ನು ಗಮನವಿಟ್ಟು ಓದತಕ್ಕದ್ದು.

ಅಂಗವೈಕಲ್ಯವನ್ನು ಅಳೆಯುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರವು ಜನವರಿ 2018ರಲ್ಲಿ ಅಧಿಸೂಚಿಸಿತು. ಮಾರ್ಚ್ 2024ರಲ್ಲಿ ಪರಿಷ್ಕರಿಸಿತು. ಒಂದಕ್ಕಿಂತ ಹೆಚ್ಚು ವೈಕಲ್ಯಗಳಿರುವವರು ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಎರಡು ವೈಕಲ್ಯಗಳನ್ನು ನೇರವಾಗಿ ಕೂಡುವುದಿಲ್ಲ. 2018ರ ಮಾರ್ಗಸೂಚಿಯಲ್ಲಿ ನೀಡಿರುವ ಸೂತ್ರದಂತೆ, 90ರಿಂದ ಹೆಚ್ಚಿನ ಅಂಕಿಯನ್ನು ಕಳೆದು, ಉಳಿದದ್ದನ್ನು ಕಡಿಮೆ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದ ಮೊತ್ತವನ್ನು ಹೆಚ್ಚಿನ ಅಂಕಿಗೆ ಸೇರಿಸಬೇಕು.

ಉದಾಹರಣೆ: ಒಬ್ಬರಿಗೆ ಕಾಲಿನ ವೈಕಲ್ಯ ಶೇ. 30, ಶ್ರವಣದೋಷ ಶೇ. 30 ಇದೆ ಎಂದಿಟ್ಟುಕೊಳ್ಳೋಣ. 90ರಲ್ಲಿ 30 ಕಳೆದರೆ 60. ಅದನ್ನು 30ರಿಂದ ಗುಣಿಸಿದರೆ 1,800. 90ರಿಂದ ಭಾಗಿಸಿದರೆ 20. ಅದಕ್ಕೆ 30 ಸೇರಿಸಿದರೆ ಒಟ್ಟು ಶೇ. 50. ಬಿಡಿಯಾಗಿ ನೋಡಿದಾಗ ಎರಡೂ ಶೇ. 40ಕ್ಕಿಂತ ಕಡಿಮೆ, ಒಟ್ಟಾಗಿ ನೋಡಿದಾಗ ಅವರು ಅರ್ಹರು. ಆದ್ದರಿಂದ ತಪಾಸಣೆಯ ಸಮಯದಲ್ಲಿ ಒಂದು ತೊಂದರೆಯನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಡಬಾರದು. ಎಲ್ಲ ತೊಂದರೆಗಳಿಗೂ ಸಂಬಂಧಿಸಿದ ಚಿಕಿತ್ಸಾ ದಾಖಲೆಗಳನ್ನು ಹಾಜರುಪಡಿಸತಕ್ಕದ್ದು.

4. ಮಾಸಾಶನಕ್ಕೆ ಅರ್ಜಿ ಸಲ್ಲಿಸುವುದು

ಅರ್ಜಿಯನ್ನು ನಾಡಕಚೇರಿಯಲ್ಲಿರುವ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಸಲ್ಲಿಸಬಹುದು. ಅಂಗವೈಕಲ್ಯ ಮಾಸಾಶನಕ್ಕೆ ವಯೋಮಿತಿ ಇರುವುದಿಲ್ಲ. ಮಕ್ಕಳ ಪರವಾಗಿಯೂ ಅರ್ಜಿ ಸಲ್ಲಿಸಬಹುದು. ಕುಟುಂಬದ ವಾರ್ಷಿಕ ಆದಾಯವು ರೂ. 32,000ದ ಮಿತಿಯೊಳಗಿರತಕ್ಕದ್ದು. ಅರ್ಜಿಯೊಂದಿಗೆ ಈ ಕೆಳಕಂಡ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು:

(ಅ) ಅಂಗವೈಕಲ್ಯ ಪ್ರಮಾಣಪತ್ರ ಅಥವಾ ವಿಶಿಷ್ಟ ಗುರುತಿನ ಚೀಟಿ
(ಆ) ಆಧಾರ್ ಚೀಟಿ
(ಇ) ಆದಾಯ ಪ್ರಮಾಣಪತ್ರ
(ಈ) ವಾಸಸ್ಥಳದ ದಾಖಲೆ, ಪಡಿತರ ಚೀಟಿ
(ಉ) ಆಧಾರ್ ಜೋಡಣೆಯಾದ ಬ್ಯಾಂಕ್ ಅಥವಾ ಅಂಚೆ ಖಾತೆಯ ಪುಸ್ತಕದ ಪ್ರತಿ
(ಊ) ಭಾವಚಿತ್ರ

ಎಲ್ಲ ದಾಖಲೆಗಳಲ್ಲಿಯೂ ಹೆಸರು ಒಂದೇ ರೀತಿ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಒಂದರಲ್ಲಿ ತಂದೆಯ ಹೆಸರು, ಮತ್ತೊಂದರಲ್ಲಿ ಗಂಡನ ಹೆಸರು, ಮಗದೊಂದರಲ್ಲಿ ಊರಿನ ಹೆಸರು ಸೇರಿಕೊಂಡಿದ್ದಲ್ಲಿ ಕಡತವು ಪರಿಶೀಲನೆಯಲ್ಲಿಯೇ ನಿಲ್ಲುತ್ತದೆ.

ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರ ಪಡೆಯತಕ್ಕದ್ದು. ಅದರಲ್ಲಿ ಸಕಾಲ ಯೋಜನೆಯಡಿ ನೀಡಲಾಗುವ ಸಂಖ್ಯೆ ಹಾಗೂ ಅರ್ಜಿ ವಿಲೇವಾರಿಯಾಗಬೇಕಾದ ದಿನಾಂಕ ಇರುತ್ತದೆ. ಸ್ವೀಕೃತಿ ಇಲ್ಲದ ಅರ್ಜಿಯನ್ನು ಸಲ್ಲಿಸಿದ್ದಕ್ಕೆ ಸಾಕ್ಷ್ಯವಿರುವುದಿಲ್ಲ. ನಂತರದ ಎಲ್ಲ ಮೇಲ್ಮನವಿಗಳಿಗೂ ಈ ಒಂದು ಚೀಟಿಯೇ ಆಧಾರ. ಇದನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳು ಅರ್ಜಿದಾರರಿಗೆ ನೆರವು ನೀಡುತ್ತಾರೆ. ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ. ಸುಳ್ಳು ಪ್ರಮಾಣಪತ್ರದ ಮೂಲಕ ವಿಕಲಚೇತನರ ಸೌಲಭ್ಯ ಪಡೆಯುವುದು 2016ರ ಅಧಿನಿಯಮದಡಿ ಎರಡು ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ.

5. ಅರ್ಜಿ ತಿರಸ್ಕೃತವಾದಲ್ಲಿ ಮೊದಲ ಹೆಜ್ಜೆ: ಹಿಂಬರಹ ಪಡೆಯುವುದು

ಅರ್ಜಿಯ ಮೇಲೆ ಕೈಗೊಂಡ ತೀರ್ಮಾನವನ್ನು ಅರ್ಜಿದಾರರಿಗೆ ತಿಳಿಸುವ ಪತ್ರಕ್ಕೆ ಹಿಂಬರಹ ಎನ್ನುತ್ತಾರೆ. ಮೌಖಿಕ ಉತ್ತರ ದೊರೆತಲ್ಲಿ, "ದಯವಿಟ್ಟು ಕಾರಣ ಸಹಿತ ಹಿಂಬರಹ ನೀಡಿ" ಎಂದು ಸ್ವೀಕೃತಿ ಸಂಖ್ಯೆ ನಮೂದಿಸಿ ಒಂದು ಪುಟದ ಮನವಿಯನ್ನು ಟಪಾಲು ಶಾಖೆಯಲ್ಲಿ ನೀಡಿ, ಎರಡನೇ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳತಕ್ಕದ್ದು. ವೈದ್ಯಕೀಯ ಪ್ರಾಧಿಕಾರವೂ ಸಹ ಪ್ರಮಾಣಪತ್ರ ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತದಲ್ಲಿ ತಿಳಿಸಬೇಕೆಂದು ನಿಯಮವಿದೆ.

ಹಿಂಬರಹ ದೊರೆತ ದಿನಾಂಕವನ್ನು ಅದರ ಮೇಲೆಯೇ ಬರೆದಿಡತಕ್ಕದ್ದು. ಅಂಚೆಯ ಮೂಲಕ ಬಂದಿದ್ದಲ್ಲಿ ಲಕೋಟೆಯನ್ನೂ ಇಟ್ಟುಕೊಳ್ಳತಕ್ಕದ್ದು. ವಿಳಂಬದ ಪ್ರಶ್ನೆ ಬಂದಾಗ ಇವು ಸಾಕ್ಷ್ಯವಾಗುತ್ತವೆ.

ಹಿಂಬರಹ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕಡತದ ಪ್ರತಿಯನ್ನು ಕೋರಬಹುದು. ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಮಾಹಿತಿ ನೀಡತಕ್ಕದ್ದು. ಕರ್ನಾಟಕದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳ ಮಿತಿಯಲ್ಲಿರಬೇಕು. "ನನ್ನ ಅರ್ಜಿ ಸಂಖ್ಯೆ ಇಂತಹದ್ದರ ಕಡತದಲ್ಲಿನ ಟಿಪ್ಪಣಿ, ಸ್ಥಳ ಪರಿಶೀಲನಾ ವರದಿ ಹಾಗೂ ಆದೇಶದ ದೃಢೀಕೃತ ಪ್ರತಿ" ಎಂದು ಕೇಳಿದರೆ ಸಾಕು. ಆದರೆ ಮಾಹಿತಿಗಾಗಿ ಕಾಯುತ್ತಾ ಮೇಲ್ಮನವಿಯ ಅವಧಿಯನ್ನು ಕಳೆದುಕೊಳ್ಳಬಾರದು. ಮೇಲ್ಮನವಿಯನ್ನು ಮೊದಲು ಸಲ್ಲಿಸಿ, ಹೆಚ್ಚುವರಿ ದಾಖಲೆಗಳನ್ನು ವಿಚಾರಣೆಯ ಸಮಯದಲ್ಲಿ ಹಾಜರುಪಡಿಸಬಹುದು.

6. ಕಾರಣಕ್ಕೆ ತಕ್ಕ ಪರಿಹಾರ

(ಅ) ದಾಖಲೆಗಳ ಕೊರತೆ, ಹೆಸರಿನ ವ್ಯತ್ಯಾಸ: ಇಲ್ಲಿ ಮೇಲ್ಮನವಿಗಿಂತ ದಾಖಲೆಯನ್ನು ಸರಿಪಡಿಸಿ ಪುನಃ ಅರ್ಜಿ ಸಲ್ಲಿಸುವುದೇ ಶೀಘ್ರ ಮಾರ್ಗ. ಅರ್ಜಿದಾರರ ಕಡೆಯಿಂದ ಲೋಪವಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರವೂ ಅದನ್ನೇ ಹೇಳಬೇಕಾಗುತ್ತದೆ.

(ಆ) ಆದಾಯ ಮಿತಿ ಮೀರಿದೆ, ವಾಸವಿಲ್ಲ, ಬೇರೆ ಪಿಂಚಣಿ ಇದೆ ಎಂಬ ಕಾರಣಗಳು: ಇವು ಕಂದಾಯ ಇಲಾಖೆಯ ತೀರ್ಮಾನಗಳು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ ತಿರಸ್ಕೃತವಾದ ದಿನಾಂಕದಿಂದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸತಕ್ಕದ್ದು. ತಹಶೀಲ್ದಾರರ ಆದೇಶವಾಗಿದ್ದಲ್ಲಿ ಉಪವಿಭಾಗಾಧಿಕಾರಿಗಳು ಸಕ್ಷಮ ಅಧಿಕಾರಿಗಳಾಗಿರುತ್ತಾರೆ. ಅಲ್ಲಿಯೂ ನ್ಯಾಯ ದೊರೆಯಲಿಲ್ಲವೆಂದಾದರೆ ಎರಡನೇ ಮೇಲ್ಮನವಿಗೆ ಅವಕಾಶವಿದೆ. ಆದಾಯದ ಕಾರಣವಾಗಿದ್ದಲ್ಲಿ ಆದಾಯ ಪ್ರಮಾಣಪತ್ರ ಹಾಗೂ ಕುಟುಂಬದ ಸದಸ್ಯರ ವಿವರವನ್ನು, ವಾಸದ ಕಾರಣವಾಗಿದ್ದಲ್ಲಿ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ವಿದ್ಯುತ್ ಬಿಲ್ಲನ್ನು ಲಗತ್ತಿಸತಕ್ಕದ್ದು. ಚಿಕಿತ್ಸೆಗಾಗಿ ಪರಸ್ಥಳದಲ್ಲಿದ್ದಾಗ ಸ್ಥಳ ಪರಿಶೀಲನೆ ನಡೆದು "ವಾಸವಿಲ್ಲ" ಎಂಬ ವರದಿಯಾಗಿದ್ದಲ್ಲಿ, ಆ ದಿನಾಂಕದ ಆಸ್ಪತ್ರೆಯ ದಾಖಲೆಯೇ ಸಮರ್ಪಕ ಉತ್ತರವಾಗುತ್ತದೆ.

(ಇ) ಗೊತ್ತುಪಡಿಸಿದ ದಿನಾಂಕ ಕಳೆದರೂ ತೀರ್ಮಾನವಾಗದಿರುವುದು: ಇದಕ್ಕೂ ಮೇಲಿನ ಕ್ರಮದಲ್ಲಿಯೇ, ಆ ದಿನಾಂಕ ಮುಗಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕಾಗಿ ದಿನವೊಂದಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ.

(ಈ) ಅಂಗವೈಕಲ್ಯ ಇಲ್ಲ ಅಥವಾ ಪ್ರಮಾಣ ಕಡಿಮೆ ಎಂಬ ಕಾರಣ: ಇದು ವೈದ್ಯಕೀಯ ತೀರ್ಮಾನ. 2016ರ ಅಧಿನಿಯಮದ ಪ್ರಕರಣ 59ರಂತೆ, ಪ್ರಮಾಣೀಕರಿಸುವ ಪ್ರಾಧಿಕಾರದ ತೀರ್ಮಾನದಿಂದ ಬಾಧಿತರಾದ ಯಾವುದೇ ವ್ಯಕ್ತಿ ರಾಜ್ಯ ಸರ್ಕಾರವು ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪ್ರಮಾಣಪತ್ರವನ್ನೇ ನೀಡದಿದ್ದಾಗ ಮಾತ್ರವಲ್ಲ, ಶೇಕಡಾವಾರು ಕಡಿಮೆ ನಮೂದಿಸಿದಾಗಲೂ ಈ ಹಕ್ಕು ಅನ್ವಯಿಸುತ್ತದೆ. ಮೇಲ್ಮನವಿಯನ್ನು ಯಾವ ಕಚೇರಿಯಲ್ಲಿ ನೀಡಬೇಕೆಂಬ ಬಗ್ಗೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಂದ ಮಾರ್ಗದರ್ಶನ ಪಡೆಯಬಹುದು. ಶಸ್ತ್ರಚಿಕಿತ್ಸೆಯ ವಿವರ, ಎಕ್ಸ್‌ರೇ, ಶ್ರವಣ ಪರೀಕ್ಷೆ ಅಥವಾ ದೃಷ್ಟಿ ಪರೀಕ್ಷೆಯ ವರದಿ ಮುಂತಾದವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೀಡತಕ್ಕದ್ದು. ಬಹು ವೈಕಲ್ಯವನ್ನು ಪರಿಗಣಿಸದೆ ಬಿಟ್ಟಿದ್ದಲ್ಲಿ ಅದನ್ನು ಸ್ಪಷ್ಟವಾಗಿ ಬರೆಯತಕ್ಕದ್ದು.

(ಉ) ಮಂಜೂರಾದ ಮಾಸಾಶನ ನಿಂತುಹೋಗಿರುವುದು: ಇದು ತಿರಸ್ಕೃತಿ ಅಲ್ಲದಿರಬಹುದು. ಖಾತೆಗೆ ಆಧಾರ್ ಜೋಡಣೆ ತಪ್ಪಿರುವುದು, ಖಾತೆ ನಿಷ್ಕ್ರಿಯವಾಗಿರುವುದು ಅಥವಾ ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದಿರುವುದು ಕಾರಣವಾಗಿರಬಹುದು. ಮೊದಲು ಬ್ಯಾಂಕಿನಲ್ಲಿ, ನಂತರ ನಾಡಕಚೇರಿಯಲ್ಲಿ ವಿಚಾರಿಸತಕ್ಕದ್ದು. ಪರಿಶೀಲನೆಯಲ್ಲಿ ರದ್ದುಪಡಿಸಲಾಗಿದೆ ಎಂದು ತಿಳಿದುಬಂದಲ್ಲಿ ರದ್ದತಿ ಆದೇಶದ ಪ್ರತಿ ಪಡೆದು ಮೇಲಧಿಕಾರಿಗಳಿಗೆ ಮನವಿ ಸಲ್ಲಿಸತಕ್ಕದ್ದು.

7. ಮೇಲ್ಮನವಿ ಬರೆಯುವ ರೀತಿ

ಮೇಲ್ಮನವಿಯು ಒಂದು ಅಥವಾ ಎರಡು ಪುಟಗಳಲ್ಲಿ ಇದ್ದರೆ ಸಾಕು. ಕಷ್ಟಗಳ ದೀರ್ಘ ವಿವರಣೆಗಿಂತ, ಹಿಂಬರಹದಲ್ಲಿನ ಕಾರಣಕ್ಕೆ ನೇರವಾದ ಉತ್ತರ ಮುಖ್ಯ. ಮೇಲ್ಮನವಿಯನ್ನು ಪರಿಶೀಲಿಸುವ ಅಧಿಕಾರಿಯು ಕಾರಣ ಮತ್ತು ದಾಖಲೆಗಳ ಆಧಾರದ ಮೇಲೆಯೇ ಆದೇಶ ಮಾಡಬೇಕಾಗುತ್ತದೆ. ಮಾದರಿಯೊಂದನ್ನು ಕೆಳಗೆ ನೀಡಲಾಗಿದೆ:

"ಮಾನ್ಯರೇ, ನಾನು ದಿನಾಂಕ ______ ರಂದು ಸ್ವೀಕೃತಿ ಸಂಖ್ಯೆ ______ ರಡಿ ವಿಕಲಚೇತನರ ಮಾಸಾಶನಕ್ಕೆ ಅರ್ಜಿ ಸಲ್ಲಿಸಿರುತ್ತೇನೆ. ಸದರಿ ಅರ್ಜಿಯನ್ನು ದಿನಾಂಕ ______ ರ ಹಿಂಬರಹದಲ್ಲಿ ______ ಎಂಬ ಕಾರಣ ನೀಡಿ ತಿರಸ್ಕರಿಸಲಾಗಿದೆ. ಹಿಂಬರಹವು ನನಗೆ ದಿನಾಂಕ ______ ರಂದು ತಲುಪಿರುತ್ತದೆ. ಸದರಿ ಕಾರಣವು ಸರಿಯಾಗಿರುವುದಿಲ್ಲ. ಏಕೆಂದರೆ ______. ಇದಕ್ಕೆ ಪೂರಕವಾಗಿ ______ ದಾಖಲೆಗಳನ್ನು ಲಗತ್ತಿಸಿದ್ದೇನೆ. ಆದ್ದರಿಂದ ಸದರಿ ಹಿಂಬರಹವನ್ನು ರದ್ದುಪಡಿಸಿ, ನನ್ನ ಅರ್ಜಿಯನ್ನು ಪುನರ್ ಪರಿಶೀಲಿಸಿ ಮಾಸಾಶನ ಮಂಜೂರು ಮಾಡಬೇಕೆಂದು ಹಾಗೂ ಖುದ್ದು ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಬೇಕೆಂದು ಕೋರುತ್ತೇನೆ."

ಸಹಿ ಮಾಡಲು ಬಾರದವರು ಹೆಬ್ಬೆಟ್ಟಿನ ಗುರುತು ಹಾಕಬಹುದು. ಮೂಲ ದಾಖಲೆಗಳನ್ನು ಯಾವ ಕಾರಣಕ್ಕೂ ಕಚೇರಿಗೆ ಒಪ್ಪಿಸದೆ ಪ್ರತಿಗಳನ್ನು ಮಾತ್ರ ನೀಡತಕ್ಕದ್ದು. ವಿಚಾರಣೆಗೆ ಬರಲು ಸಂಜ್ಞಾ ಭಾಷೆಯ ನೆರವು ಅಥವಾ ನೆಲಮಹಡಿಯ ಕೊಠಡಿ ಬೇಕಾಗಿದ್ದಲ್ಲಿ ಅದನ್ನೂ ಮೇಲ್ಮನವಿಯಲ್ಲಿ ತಿಳಿಸಬಹುದು.

8. ಇತರೆ ನೆರವು

ವಿಕಲಚೇತನ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡಿದ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಸಂಬಂಧಪಟ್ಟ ಪ್ರಾಧಿಕಾರವು ಮೂರು ತಿಂಗಳೊಳಗೆ ತಿಳಿಸತಕ್ಕದ್ದು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಪ್ರಕರಣ 12ರಂತೆ ವಿಕಲಚೇತನರು ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಿ ಮೇಲ್ಮನವಿ ಬರೆಸಿಕೊಳ್ಳಬಹುದು.

9. ಅರ್ಜಿದಾರರು ನೆನಪಿಡಬೇಕಾದ ಅಂಶಗಳು

(1) ಸ್ವೀಕೃತಿ ಪತ್ರವಿಲ್ಲದೆ ಕಚೇರಿಯಿಂದ ಹೊರಡಬಾರದು.
(2) ಮೌಖಿಕ ಉತ್ತರವನ್ನು ಅಂತಿಮವೆಂದು ಒಪ್ಪಬಾರದು; ಹಿಂಬರಹ ಕೇಳತಕ್ಕದ್ದು.
(3) ಕಾರಣ ವೈದ್ಯಕೀಯವೋ, ಕಂದಾಯ ಇಲಾಖೆಯದ್ದೋ ಎಂಬುದನ್ನು ಮೊದಲು ಗುರುತಿಸತಕ್ಕದ್ದು.
(4) 30 ದಿನಗಳ ಅವಧಿಯನ್ನು ಕೊನೆಯ ದಿನದವರೆಗೆ ದೂಡಬಾರದು.
(5) ಸಲ್ಲಿಸಿದ ಪ್ರತಿಯೊಂದು ಪತ್ರದ ಮೊಹರು ಹಾಕಿದ ಪ್ರತಿಯನ್ನು ಒಂದೇ ಕಡತದಲ್ಲಿಟ್ಟುಕೊಳ್ಳತಕ್ಕದ್ದು.

ಮಾಸಾಶನವು ಯಾರೊಬ್ಬರ ಔದಾರ್ಯವಲ್ಲ. ಸಾಮಾಜಿಕ ಭದ್ರತೆಯನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು 2016ರ ಅಧಿನಿಯಮದ ಪ್ರಕರಣ 24 ಹೇಳುತ್ತದೆ. ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗಳೂ ತಪ್ಪು ಮಾಡಬಹುದು ಎಂಬ ಕಾರಣದಿಂದಲೇ ಮೇಲ್ಮನವಿಯ ಅವಕಾಶವನ್ನು ಕಾನೂನಿನಲ್ಲಿ ಇಡಲಾಗಿದೆ. ಅದನ್ನು ಬಳಸುವುದು ಕಚೇರಿಯೊಂದಿಗೆ ಜಗಳ ಮಾಡಿದಂತಲ್ಲ. ಅರ್ಹರಾದ ಯಾರೂ ಮಾಹಿತಿಯ ಕೊರತೆಯಿಂದ ಸೌಲಭ್ಯ ವಂಚಿತರಾಗಬಾರದೆಂಬುದೇ ಈ ಪ್ರಕಟಣೆಯ ಉದ್ದೇಶ. ಓದಲು ಬಾರದ ನೆರೆಹೊರೆಯ ವಿಕಲಚೇತನರಿಗೆ ಇದನ್ನು ಓದಿ ಹೇಳಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.